ಪೆನಾಂಗಿನಲ್ಲಿ ಕಾಲು ತಾಗಿದಾಗ

ಶಿಕಾರಿಪುರದ ಬಸ್ ಸ್ಟ್ಯಾಂಡು

ಹೊರದೇಶಕ್ಕೆ ಹೋಗಿಬಂದವನನ್ನು ನಮ್ಮ ಕಡೆ ಮೊದಲು ಕೇಳುವುದು ಊಟದ ವಿಚಾರ. ಆಮೇಲೆ ಕೇಳುವುದು, ಅಲ್ಲಿ ನಮ್ಮ ಜನ ಯಾರಾದರೂ ಸಿಕ್ಕರೇ ಅಂತ. ಮೂರನೆಯ ಪ್ರಶ್ನೆಯ ಹೊತ್ತಿಗೆ ಕೇಳುವವರಿಗೆ ಆಕಳಿಕೆ ಬಂದಿರುತ್ತದೆ. ನಾನು ಹೇಳಬೇಕೆಂದಿರುವುದು ಆ ಆಕಳಿಕೆಯ ನಂತರದ ಸಂಗತಿ. ಓದುವವರು ನಡುವೆ ಎದ್ದುಹೋಗದಿರಲಿ ಎಂದು ಊಟದ ವಿಚಾರವನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.

ನಾನು ಮಲಯ ದೇಶದ ಪೆನಾಂಗಿಗೆ ಹೋದದ್ದು ಚೆಂಡು ಒದೆಯುವುದಕ್ಕೆ. ಇದನ್ನು ನಮ್ಮ ಮನೆಯಲ್ಲಿ ಒಂದೇ ಸಲಕ್ಕೆ ಯಾರೂ ನಂಬಲಿಲ್ಲ. ಬೆಂಗಳೂರಿನ ಒಂದು ಮಿಲ್ಲಿನಲ್ಲಿ ನಾನು ಹೆಸರಿಗೆ ಗುಮಾಸ್ತ. ನಿಜವಾದ ಕೆಲಸ ಆ ಮಿಲ್ಲಿನ ಫುಟ್‌ಬಾಲ್ ತಂಡದಲ್ಲಿ ಹಾಫ್ ಬ್ಯಾಕ್ ಆಗಿ ಆಡುವುದು. ಮಲಯದಿಂದ ಆಡಲು ಬಂದಿದ್ದ ಒಂದು ತಂಡದ ಜೊತೆ ಲಿಮ್ ಎಂಬ ಚೀನೀ ಯಜಮಾನರು ಬಂದಿದ್ದರು. ರಬ್ಬರಿನ ವ್ಯಾಪಾರಿ. ಪೆನಾಂಗಿನಲ್ಲಿ ಅವರದೇ ಒಂದು ಕ್ಲಬ್ಬಿತ್ತು, ಅದಕ್ಕೆ ಆಟ ಕಲಿಸುವವರೂ ಅವರೇ. ನನ್ನ ಆಟ ನೋಡಿ ಕರೆದು, "ಒಂದು ಸೀಸನ್ ಬಂದು ಆಡು. ಹಿಡಿಸಿದರೆ ಇಟ್ಟುಕೊಳ್ಳುತ್ತೇನೆ. ಹಿಡಿಸದಿದ್ದರೆ ಮುಂದಿನ ಹಡಗಿಗೇ ವಾಪಸು" ಎಂದರು. ಮಿಲ್ಲಿನವರು ಮಾತ್ರ, ಬಿಟ್ಟುಹೋದರೆ ಮತ್ತೆ ಇತ್ತ ಮುಖ ಹಾಕಬೇಡ ಎಂದು ಖಡಾಖಂಡಿತವಾಗಿ ಹೇಳಿದರು. ಹಾಗಾಗಿ ಪೆನಾಂಗಿನಲ್ಲಿ ನಾನು ನಿಲ್ಲಲೇಬೇಕಾಗಿತ್ತು.

ನನ್ನನ್ನು ಕಳಿಸಲು ಬಸ್ ಸ್ಟ್ಯಾಂಡಿಗೆ ಬಂದಿದ್ದ ಹೊಸಬಾಳೆಯ ಸೋದರಮಾವ ಕೊನೆಗಳಿಗೆಯಲ್ಲಿ ಕೇಳಿದ: "ಅಲ್ಲೋ ಬಸವರಾಜ, ಹಾಫ್ ಬ್ಯಾಕ್ ಅಂದ್ರೆ ಏನೋ?"

ಮೈದಾನದ ನಡುವೆ ಇದ್ದುಕೊಂಡು ಹಿಂದಿನವರಿಂದ ಚೆಂಡು ಇಸಕೊಂಡು ಮುಂದಿನವರಿಗೆ ದಾಟಿಸುವವನು ಎಂದೆ.

"ಅಂದ್ರೆ ದಲಾಲಿ ಅನ್ನು!"

ಸೊರಬದ ಮಂಡಿಗೆ ವರ್ಷವರ್ಷವೂ ಅಡಿಕೆ ಹಾಕುವ ಮಾವನಿಗೆ ದಲಾಲರನ್ನು ಕಂಡರೆ ಅಷ್ಟಕ್ಕಷ್ಟೆ. ಆದರೆ ಶಿಕಾರಿಪುರದಲ್ಲಿ ದಲಾಲಿ ಅಂಗಡಿ ನಡೆಸುವ ನಮ್ಮಪ್ಪನ ಮುಖ ಅರಳಿತು. "ಹಂಗಾದ್ರೆ ನಮ್ಮ ಕಸುಬು ಬಿಟ್ಟಿಲ್ಲ ಇವ್ನು," ಎಂದು ಅಲ್ಲಿದ್ದವರಿಗೆಲ್ಲ ಹೇಳಿದರು. ಅಲ್ಲಿಯವರೆಗೆ ಅರೆಮನಸ್ಸಿನಲ್ಲಿದ್ದವರು ಆಗ ಪೂರ್ತಿ ಮನಸ್ಸಿನಿಂದ ಒಪ್ಪಿದರು.

ಅವ್ವ ಮಾತ್ರ ನಗಲಿಲ್ಲ. ನನ್ನನ್ನು ಬಸ್ಸಿನ ಮರೆಗೆ ಕರೆದು ಮೆಲ್ಲಗೆ ಹೇಳಿದಳು. "ನೋಡಪ್ಪ, ನೀನು ಹೊಂಟಿರೋದು ಕಾಲಿನ ಕೆಲ್ಸಕ್ಕೆ. ದಿನಾ ಯಾರಿಗಾರ ಕಾಲು ತಾಗೇ ತಾಗ್ತತಿ. ಮುಟ್ಟಿ ಕಣ್ಣಿಗೆ ಒತ್ಕೊಳ್ಳೋದು ಮರೀಬ್ಯಾಡ. ಅವ್ರು ಯಾವ ಜಾತಿ, ಯಾವ ದೇಶ ಅಂತ ನೋಡಬ್ಯಾಡ."

ಕಾಲು ತಾಗಿದರೆ ಮುಟ್ಟಿ ನಮಸ್ಕಾರ ಮಾಡುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಉಂಟು. ನಮ್ಮವ್ವನದು ಮಾತ್ರ ಒಂದು ಕೈ ಹೆಚ್ಚು. ಮನುಷ್ಯರಿಗಿರಲಿ, ಪುಸ್ತಕಕ್ಕೆ, ಮೊರಕ್ಕೆ, ಮಲಗಿದ ಕರುವಿಗೆ ತಾಗಿದರೂ ಆಕೆ ಕೈಕಟ್ಟಿ ನಿಂತು ಕಾಯುತ್ತಿದ್ದಳು. ನಾನು ಬಗ್ಗುವವರೆಗೆ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಹಾಗೆ ಕಾಯಿಸಿಕೊಂಡು ಬೆಳೆದದ್ದರಿಂದ ನನ್ನ ಕೈ ನನ್ನನ್ನು ಕೇಳದೇ ಹೋಗಿ ಮುಟ್ಟಿ ಬರುತ್ತಿತ್ತು. ಅವ್ವನಿಗೆ ಆಗಲಿ ಎಂದು ತಲೆಯಾಡಿಸಿ ಬಸ್ಸು ಹತ್ತಿದೆ.

ಹಡಗಿನ ಡೆಕ್ಕು

ಮದರಾಸಿನಲ್ಲಿ ಹಡಗು ಹತ್ತಿದೆ. ನನ್ನದು ಡೆಕ್ಕಿನ ಟಿಕೀಟು. ಅಂದರೆ ಮೇಲೆ ಆಕಾಶ, ಕೆಳಗೆ ಚಾಪೆ. ನಮ್ಮ ಸಂತೆಯಲ್ಲಿ ಮಳೆ ಬಂದಾಗ ಒಂದೇ ಅಂಗಡಿಯ ಸೂರಿನಡಿ ಜನ ಸೇರಿದ ಹಾಗೆ ಅಲ್ಲಿ ಚಾಪೆಗೆ ಚಾಪೆ ಅಂಟಿಕೊಂಡಿತ್ತು. ನನ್ನ ಚಾಪೆ ಒಂದು ತುದಿಯಲ್ಲಿ, ನೀರಿನ ನಲ್ಲಿ ಇನ್ನೊಂದು ತುದಿಯಲ್ಲಿ.

ಚೊಂಬು ಹಿಡಿದು ಹೊರಟೆ. ಹಡಗು ಓಲಾಡಿತು, ಒಬ್ಬರಿಗೆ ಕಾಲು ತಾಗಿತು. ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಏಳುವಷ್ಟರಲ್ಲಿ ಹಿಂದಿನವರಿಗೆ ಹಿಮ್ಮಡಿ ತಾಗಿತು. ತಿರುಗಿ ಅವರಿಗೂ ಬಗ್ಗಿದೆ. ಹೀಗೆ ಬಗ್ಗುತ್ತ ಏಳುತ್ತ ನಲ್ಲಿ ಮುಟ್ಟಿ, ನೀರು ತುಂಬಿಕೊಂಡು, ಮತ್ತೆ ಬಗ್ಗುತ್ತ ಏಳುತ್ತ ಬರುವಾಗ ಚೊಂಬಿನ ನೀರೆಲ್ಲ ದಾರಿಯವರ ಮೇಲೆ ಚೆಲ್ಲಿತ್ತು. ಕಾಲು ತಾಗಿದ್ದಕ್ಕೆ ಯಾರೂ ಬೇಸರಿಸಲಿಲ್ಲ. ಎಲ್ಲರೂ ತಮಿಳರು, ಅವರಿಗೆ ಈ ಪದ್ಧತಿ ಗೊತ್ತಿದ್ದದ್ದೇ. ನೀರು ಬಿದ್ದದ್ದಕ್ಕೆ ಮಾತ್ರ ಬೈದರು.

ಕೊನೆಗೆ ಒಬ್ಬ ಮುದುಕಿ ನನ್ನ ಕೈಯಿಂದ ಚೊಂಬು ಕಿತ್ತುಕೊಂಡು, "ಉಕ್ಕಾರು ತಂಬಿ, ಉಕ್ಕಾರು" ಎಂದು ಕೂರಿಸಿದಳು. ಅಂದಿನಿಂದ ನನ್ನ ಚೊಂಬು ಕೈಯಿಂದ ಕೈಗೆ ದಾಟಿ ನಲ್ಲಿಗೆ ಹೋಗಿ, ತುಂಬಿಕೊಂಡು, ಹಾಗೆಯೇ ಕೈಯಿಂದ ಕೈಗೆ ವಾಪಸು ಬರುತ್ತಿತ್ತು. ಚೆಂಡು ದಾಟಿಸಲು ಹೊರಟವನಿಗೆ ಚೊಂಬು ದಾಟಿಸುವವರು ಇಷ್ಟು ಜನ ಸಿಕ್ಕರಲ್ಲ ಎಂದು ಬಹಳ ಸಂತೋಷವಾಯಿತು.

ಪೆನಾಂಗಿನ ಬಂದರಿನಲ್ಲಿ ಕಸ್ಟಮ್ಸಿನ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿದ. ಅವ್ವ ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬಿ ಕಣ್ಣಿಗೆ ಬಿತ್ತು. ಇದೇನು ಎಂದ. ಊಟಕ್ಕೆ ಎಂದೆ. ಅವನು ನಂಬದೆ ಮೂಗನ್ನು ಡಬ್ಬಿಯೊಳಗೇ ಇಟ್ಟು ಎಳೆದುಕೊಂಡ. ಆಮೇಲೆ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಪೆಟ್ಟಿಗೆಯನ್ನು ತೆರೆಸದೇ ಕೈಬೀಸಿ ಕಳಿಸಿಬಿಟ್ಟ.

ಪೆನಾಂಗು

ಪೆನಾಂಗು ಎಂಬ ಹೆಸರು ಅವರ ಭಾಷೆಯ ಅಡಿಕೆಯಿಂದ ಬಂದದ್ದಂತೆ. ಅಡಿಕೆ ಮಂಡಿಯ ಗಲಾಟೆ ತಪ್ಪಿತು ಅಂದುಕೊಂಡು ಹಡಗು ಹತ್ತಿದವನು ಅಡಿಕೆಯ ದ್ವೀಪದಲ್ಲೇ ಇಳಿದಿದ್ದೆ. ಮಲಯ ದೇಶಕ್ಕೆ ಆಗಷ್ಟೇ ಸ್ವಾತಂತ್ರ್ಯ ಬಂದಿತ್ತು. ಹೊಸ ಮನೆಗೆ ಬಂದವರಂತೆ ಜನರೆಲ್ಲ ಉಲ್ಲಾಸದಲ್ಲಿದ್ದರು.

ಲಿಮ್ ಯಜಮಾನರು ನನ್ನನ್ನು ಯೂಸುಫನ ಜೊತೆ ಒಂದೇ ಕೋಣೆಯಲ್ಲಿ ಇಟ್ಟರು. ಯೂಸುಫ ಮಲಯದವನು, ನಮ್ಮ ತಂಡದ ಎಡಗಡೆಯ ಮುಂಚೂಣಿ ಆಟಗಾರ. ನನ್ನ ಹೆಸರನ್ನು ಅವನು ತುಂಡರಿಸಿ ರಾಜ ಎಂದು ಮಾಡಿದ. ರಾಜ ಎಂದರೆ ಅವರಲ್ಲೂ ರಾಜನೇ. ಹೀಗಾಗಿ ಚಹಾ ಅಂಗಡಿಯಲ್ಲಿ ಅವನು ನನ್ನನ್ನು ಕೂಗಿದಾಗಲೆಲ್ಲ ನಾಲ್ಕು ಜನ ತಿರುಗಿ ನೋಡಿ, ಇವನೇ ಎಂದು ನಿರಾಶರಾಗುತ್ತಿದ್ದರು.

ಅಲ್ಲಿಯ ರೀತಿಗಳಲ್ಲಿ ಕೆಲವು ನಮ್ಮವೇ. ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ. ಎಡಗೈಯಲ್ಲಿ ಏನನ್ನೂ ಕೊಡುವುದಿಲ್ಲ. ಮುದುಕರು ಕಾಫಿಯನ್ನು ಸಾಸರಿಗೆ ಸುರಿದು ಸೊರ್ ಎಂದು ಕುಡಿಯುತ್ತಾರೆ. ಅದನ್ನು ನೋಡಿ ನನಗೆ ಶಿಕಾರಿಪುರದ ಹೋಟೆಲಿನಲ್ಲೇ ಕೂತ ಹಾಗಾಯಿತು. ಯೂಸುಫ ಯಾರ ಕೈ ಮುಟ್ಟಿದರೂ ಆಮೇಲೆ ತನ್ನ ಕೈಯನ್ನು ಎದೆಗೆ ಒಯ್ಯುತ್ತಿದ್ದ. ಸಿಕ್ಕ ಸ್ನೇಹವನ್ನು ಒಳಗೆ ಇಟ್ಟುಕೊಳ್ಳುವುದು ಅಂತ ಅದರ ಅರ್ಥವಂತೆ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಅವತ್ತೇ.

ಊಟದ್ದು ಸ್ವಲ್ಪ ಫಜೀತಿ. ನಾನು ಮಾಂಸ ತಿನ್ನುವವನಲ್ಲ ಎಂದು ತಿಳಿದ ಲಿಮ್ ಯಜಮಾನರು ಒಂದು ಚೀನೀ ದೇವಸ್ಥಾನದ ಊಟದ ಮನೆಗೆ ಕರೆದುಕೊಂಡು ಹೋದರು. ಇಲ್ಲಿ ಎಲ್ಲ ಶುದ್ಧ ಶಾಕಾಹಾರ ಎಂದರು. ತಟ್ಟೆಯಲ್ಲಿ ಬಂದದ್ದು ಇಡೀ ಬಾತುಕೋಳಿ. ಚರ್ಮ, ರೆಕ್ಕೆ, ಎಲ್ಲ ಇತ್ತು. ನಾನು ಕುರ್ಚಿ ಬೀಳಿಸಿಕೊಂಡು ಹೊರಗೆ ಓಡಿಬಂದೆ. ಅದು ಗೋಧಿಯಲ್ಲಿ ಮಾಡಿದ ಬಾತುಕೋಳಿಯೆಂದು ಯಜಮಾನರು ಬೀದಿಯಲ್ಲಿ ನಿಂತು ಆಣೆ ಇಟ್ಟು ಹೇಳಬೇಕಾಯಿತು. ತಿನ್ನದೇ ಇರುವುದನ್ನು ಇಷ್ಟು ಶ್ರದ್ಧೆಯಿಂದ ತಿಂದಂತೆ ಮಾಡುವುದು ಯಾಕೋ ನನಗೆ ಇವತ್ತಿಗೂ ತಿಳಿದಿಲ್ಲ. ರುಚಿ ಮಾತ್ರ ಚೆನ್ನಾಗಿತ್ತು.

ಮೈದಾನ

ಬೆಂಗಳೂರಿನಲ್ಲಿ ನಾವು ಪಾದಕ್ಕೆ ಪಟ್ಟಿ ಸುತ್ತಿಕೊಂಡು ಬರಿಗಾಲಲ್ಲಿ ಆಡುತ್ತಿದ್ದೆವು. ಆಗಲೂ ನನ್ನ ಕೈ ಹೋಗುತ್ತಿತ್ತು. ಆದರೆ ಎದುರಿನವನು "ಇರ್ಲಿ ಬಿಡಪ್ಪ" ಎನ್ನುತ್ತಿದ್ದ, ಕೆಲವರು ತಾವೂ ಮುಟ್ಟಿಕೊಳ್ಳುತ್ತಿದ್ದರು. ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ. ಪೆನಾಂಗಿನಲ್ಲಿ ಬೂಟು ಹಾಕಲೇಬೇಕು. ಬೂಟೆಂದರೆ ಚರ್ಮ. ಬರಿಗಾಲು ತಾಗಿದರೇ ಬಗ್ಗುವವನು ಚರ್ಮದ ಬೂಟು ತಾಗಿದರೆ ಬಿಡುವುದುಂಟೇ?

ಮೊದಲ ಪಂದ್ಯ ಇಪೋ ಊರಿನ ತಂಡದ ಮೇಲೆ. ಅವರಲ್ಲಿ ಟಾನ್ ಎಂಬ ಚೀನೀ ಆಟಗಾರನಿದ್ದ. ಗಿಡ್ಡ ಆಳು, ಚುರುಕು, ಯಾವಾಗಲೂ ನಗುಮುಖ. ಅವನನ್ನು ತಡೆಯುವುದು ನನ್ನ ಕೆಲಸ. ಆಟ ಶುರುವಾಗುತ್ತಲೇ ಅವನ ಕಾಲಿಂದ ಚೆಂಡನ್ನು ನೀಟಾಗಿ ಕಿತ್ತುಕೊಂಡೆ. ಕೀಳುವಾಗ ಬೂಟು ಅವನ ಮೊಣಕಾಲ ಕೆಳಗೆ ತಾಗಿತು. ಕೈ ಹೋಯಿತು. ಅವನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಟಾನ್ ಬೆರಗಾಗಿ ನನ್ನನ್ನು ನೋಡಿದ. ಆಮೇಲೆ ಅನಾಥವಾಗಿ ನಿಂತಿದ್ದ ಚೆಂಡನ್ನು ನೋಡಿದ. ಅದನ್ನು ತೆಗೆದುಕೊಂಡು ಹೋಗಿ ಗೋಲು ಹೊಡೆದ.

ಇನ್ನೊಮ್ಮೆ ನಮ್ಮ ಗೋಲಿನ ಮುಂದೆಯೇ ತಡೆದೆ. ಚೆಂಡು ನನಗೇ ಸಿಕ್ಕಿತ್ತು, ತಪ್ಪೇನೂ ಆಗಿರಲಿಲ್ಲ. ಆದರೆ ಬೂಟು ತಾಗಿತ್ತು, ಬಗ್ಗಿದೆ. ರೆಫ್ರಿಯಾಗಿದ್ದ ಇಂಗ್ಲಿಷ್ ದೊರೆ, ಇವನು ತಾನೇ ತಪ್ಪೊಪ್ಪಿಕೊಳ್ಳುತ್ತಿದ್ದಾನೆ ಎಂದುಕೊಂಡು ಸೀಟಿ ಊದಿ ಪೆನಾಲ್ಟಿ ಕೊಟ್ಟರು. ನಾವು ಸೋತೆವು.

ಲಿಮ್ ಯಜಮಾನರು ಬೈಯಲಿಲ್ಲ. "ರಾಜ, ನಿನಗೆ ಸೊಂಟ ನೋವೇ?" ಎಂದು ಕೇಳಿ ಏನೋ ಘಾಟು ವಾಸನೆಯ ಎಣ್ಣೆಯ ಸೀಸೆ ಕೊಟ್ಟರು. ನಾನು ನಡೆದದ್ದನ್ನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ನಾವೂ ಹಿರಿಯರಿಗೆ ಬಗ್ಗುತ್ತೇವೆ. ಆದರೆ ಆಗ ಅವರು ನಮ್ಮ ಗೋಲಿನ ಕಡೆಗೆ ಓಡುತ್ತಿರುವುದಿಲ್ಲ," ಎಂದರು.

ಸುದ್ದಿ ಊರೆಲ್ಲ ಹಬ್ಬಿತು. ಆಮೇಲಿನ ಪಂದ್ಯಗಳಲ್ಲಿ ಎದುರಾಳಿಗಳು ಬೇಕೆಂದೇ ನನ್ನ ಬೂಟಿಗೆ ಕಾಲು ಒಡ್ಡುತ್ತಿದ್ದರು. ನಾನು ಬಗ್ಗುವುದು, ಅವರು ಓಡುವುದು. ಕಡೆಗೆ ಯಜಮಾನರು, "ನಿನ್ನ ಕಾಲು ಬಂಗಾರದಂಥದು. ಈ ಕೈಯನ್ನು ಹೇಗೆ ನಿಲ್ಲಿಸುತ್ತೀಯೋ ನಿನಗೆ ಬಿಟ್ಟದ್ದು. ಇಪೋದವರ ಊರಲ್ಲಿ ಕೊನೆಯ ಪಂದ್ಯ ಇದೆಯಲ್ಲ, ಅದರವರೆಗೆ ನೋಡುತ್ತೇನೆ. ಆಮೇಲೂ ಹೀಗೇ ಆದರೆ ಹಡಗು," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಬೆಂಗಳೂರಿನ ಬಾಗಿಲು ಮುಚ್ಚಿತ್ತು. ಇಲ್ಲಿ ಉಳಿಯಬೇಕೆಂದರೆ ಅವ್ವನಿಗೆ ಕೊಟ್ಟ ಮಾತು ಬಿಡಬೇಕು.

ಯೂಸುಫನ ಅಂಗಳ

ಯೂಸುಫ ಒಂದು ರಜದ ದಿನ ತನ್ನ ಹಳ್ಳಿಗೆ ಕರೆದೊಯ್ದ. ಕಂಬಗಳ ಮೇಲೆ ನಿಂತ ಮರದ ಮನೆ. ಮನೆಯ ಕೆಳಗೆ ಕೋಳಿ, ಮೇಲೆ ಮನುಷ್ಯರು. ಅವನ ತಾಯಿ ಎಲೆ ಅಡಿಕೆಯ ತಟ್ಟೆ ತಂದಿಟ್ಟಳು. ಎಲೆಗೆ ಸುಣ್ಣ ಸವರುವ ಬೆರಳೂ, ಮಡಿಸುವ ರೀತಿಯೂ ಹೊಸಬಾಳೆಯಲ್ಲಿ ಕಂಡದ್ದೇ. ಭಾಷೆ ಬಾರದಿದ್ದರೂ ಇಬ್ಬರೂ ಜಗಿಯುತ್ತ ಬಹಳ ಹೊತ್ತು ಮಾತಾಡಿದ ಹಾಗೆ ಕೂತಿದ್ದೆವು.

ಆ ತಟ್ಟೆ ನೋಡಿ ಯೂಸುಫನಿಗೆ ಒಂದು ಉಪಾಯ ಹೊಳೆಯಿತು. ನನ್ನ ಎರಡೂ ಮುಷ್ಟಿಯಲ್ಲಿ ಒಂದೊಂದು ಇಡೀ ಅಡಿಕೆ ಇಟ್ಟು, "ಇವನ್ನು ಬಿಡಬೇಡ. ಕೈ ತುಂಬಿದ್ದರೆ ಹೋಗುವುದು ಹೇಗೆ?" ಎಂದ. ಅಂಗಳದಲ್ಲೇ ಚೆಂಡು ತಂದು ಆಡಿಸಿದ. ಮೊದಮೊದಲು ಅವನ ಕಾಲಿಗೆ ಬೂಟು ತಾಗಿದೊಡನೆ ಅಡಿಕೆ ಬಿದ್ದುಹೋಗುತ್ತಿತ್ತು, ಕೈ ಅವನ ಕಾಲ ಮೇಲಿರುತ್ತಿತ್ತು. ಅವನ ತಾಯಿ ಮೇಲೆ ಕೂತು ಅಡಿಕೆ ಬಿದ್ದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅಡಿಕೆ ಬಿಗಿಹಿಡಿದು ನಿಂತಿದ್ದಾಗ ನನಗೆ ಹೊಸಬಾಳೆಯ ಗದ್ದೆ ನೆನಪಿಗೆ ಬಂತು. ನಾನು ಚಿಕ್ಕವನಿದ್ದಾಗ ಅವ್ವ ತವರಿಗೆ ನಾಟಿಗೆಂದು ಹೋಗುತ್ತಿದ್ದಳು. ಸಾಲಾಗಿ ಬಗ್ಗಿ ಹಿಂದೆ ಸರಿಯುತ್ತ ನೆಡುವಾಗ ಹೆಂಗಸರ ಕಾಲು ಒಬ್ಬರದು ಒಬ್ಬರಿಗೆ ತಾಗುತ್ತಲೇ ಇತ್ತು. ಯಾರೂ ಮುಟ್ಟಿಕೊಳ್ಳುತ್ತಿರಲಿಲ್ಲ. ನಾನು ಬದುವಿನ ಮೇಲಿಂದ ದೊಡ್ಡ ಕಳ್ಳತನ ಹಿಡಿದವನಂತೆ ಕೂಗಿದ್ದೆ: "ಅವ್ವಾ, ನಿನ್ ಕಾಲು ಅತ್ತೆಗೆ ತಾಗ್ತು! ನೀ ಮುಟ್ಲಿಲ್ಲ!"

ಅವ್ವ ತಲೆಯೆತ್ತದೇ ಹೇಳಿದ್ದಳು. "ಕೈತುಂಬ ಸಸಿ ಐತಲ್ಲೋ. ಕೆಲ್ಸ ಮುಗೀಲಿ, ಆಮ್ಯಾಕೆ ಮುಟ್ಟಿದ್ರಾತು."

ಸಂಜೆ ಕಾಲುವೆಯಲ್ಲಿ ಕೆಸರು ತೊಳೆದುಕೊಂಡ ಮೇಲೆ ಅವರೆಲ್ಲ ಒಬ್ಬರ ಕಾಲು ಒಬ್ಬರು ಮುಟ್ಟಿ, ನಗಾಡಿ, ಮನೆಗೆ ಹೊರಟಿದ್ದರು. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಅವ್ವನ ಬಾಯಿಂದಲೇ ಕೇಳಿದ್ದೆ. ಮಲಯದ ಅಂಗಳದಲ್ಲಿ ಮುಷ್ಟಿ ಬಿಗಿಹಿಡಿದು ನಿಂತಾಗಲೇ ಅದು ನೆನಪಾಗಬೇಕೇ! ನನಗೆ ಕುಣಿಯುವಷ್ಟು ಖುಷಿಯಾಯಿತು. ಬಿಡುವುದು ಬೇಕಿಲ್ಲ, ಕೆಲಸ ಮುಗಿಯುವವರೆಗೆ ತಡೆದುಕೊಂಡರೆ ಸಾಕು. ಕೆಲಸ ಮುಗಿಯುವುದು ಯಾವಾಗ? ರೆಫ್ರಿ ಕೊನೆಯ ಸೀಟಿ ಊದಿದಾಗ. ಅವತ್ತಿನಿಂದ ಯೂಸುಫ ಆಟ ಮುಗಿಸುವಾಗ ಬಾಯಲ್ಲೇ ಸೀಟಿ ಹಾಕುತ್ತಿದ್ದ, ನಾನು ಅಡಿಕೆ ಕೆಳಗೆ ಹಾಕಿ ಅವನ ಕಾಲು ಮುಟ್ಟುತ್ತಿದ್ದೆ. ಕೈಯೂ ಮೆಲ್ಲಮೆಲ್ಲಗೆ ಕಾಯುವುದನ್ನು ಕಲಿಯಿತು.

ಇಪೋ

ದೋಣಿಯಲ್ಲಿ ಆಚೆ ದಡಕ್ಕೆ ದಾಟಿ, ಅಲ್ಲಿಂದ ರೈಲಿನಲ್ಲಿ ಇಪೋಗೆ ಹೋದೆವು. ಊರ ಸುತ್ತ ತವರದ ಗಣಿಗಳು, ಸುಣ್ಣಕಲ್ಲಿನ ಕಡಿದಾದ ಗುಡ್ಡಗಳು. ದಾರಿಯುದ್ದಕ್ಕೂ ಲಿಮ್ ಯಜಮಾನರು ನನ್ನ ಹತ್ತಿರ ಆಟದ ಮಾತೆತ್ತಲಿಲ್ಲ, ಕಿತ್ತಳೆ ಸುಲಿದು ಸುಲಿದು ಕೊಟ್ಟರು. ಕಳಿಸಿಕೊಡುವವರಿಗೆ ಮಾಡುವ ಉಪಚಾರದ ಹಾಗಿದೆಯಲ್ಲ ಅನ್ನಿಸಿ ನನಗೆ ಕಿತ್ತಳೆ ಹುಳಿಯಾಯಿತು.

ಮುಷ್ಟಿಯಲ್ಲಿ ಅಡಿಕೆ ಹಿಡಿದು ಮೈದಾನಕ್ಕೆ ಇಳಿದೆ. ಟಾನ್ ನನ್ನನ್ನು ನೋಡಿ ಹಳೆಯ ನೆಂಟನನ್ನು ಕಂಡಂತೆ ಕೈಬೀಸಿದ. ಆಟದಲ್ಲಿ ಬೂಟು ತಾಗಿದಾಗಲೆಲ್ಲ ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಮನಸ್ಸಿನಲ್ಲೇ, ಇವನಿಗೆ ಆಮೇಲೆ, ಅವನಿಗೆ ಆಮೇಲೆ ಎಂದು ಹೇಳಿಕೊಂಡೆ. ಓಡುತ್ತ ಓಡುತ್ತ ಅದೇ ಇಂಗ್ಲಿಷ್ ರೆಫ್ರಿಯ ಪಾದವನ್ನೂ ಒಮ್ಮೆ ತುಳಿದೆ. ಇವರಿಗೂ ಆಮೇಲೆ.

ಆಟ ಮುಗಿಯುವ ಹೊತ್ತಾದರೂ ಯಾರೂ ಗೋಲು ಹೊಡೆದಿರಲಿಲ್ಲ. ಟಾನ್ ಚೆಂಡು ತಂದ. ನಾನು ಅಡ್ಡ ಬಂದೆ. ಅವನು ಬೇಕೆಂದೇ ಕಾಲು ಮುಂದೆ ಚಾಚಿದ. ನನ್ನ ಬೂಟು ಅವನಿಗೆ ಚೆನ್ನಾಗಿಯೇ ತಾಗಿತು. ಚೆಂಡು ನಮ್ಮಿಬ್ಬರ ನಡುವೆ ಉಳಿಯಿತು. ಟಾನ್ ನಿಂತ. ನಾನು ಬಗ್ಗಲಿ ಎಂದು ನಗುತ್ತ ಕಾದ. ಬಗ್ಗುವವನು ಬಗ್ಗಲಿಲ್ಲ. ನಾನು ಚೆಂಡಿನ ಜೊತೆ ಅವನನ್ನು ದಾಟಿಹೋಗಿ ಎಡಗಡೆಗೆ ಯೂಸುಫನಿಗೆ ದಾಟಿಸಿದೆ. ಯೂಸುಫ ಹೊಡೆದ. ಬಲೆ ಅಲುಗಾಡಿತು. ಹಿಂತಿರುಗಿ ನೋಡಿದರೆ ಟಾನ್ ಇನ್ನೂ ಕಾಲು ಚಾಚಿಕೊಂಡೇ ನಿಂತಿದ್ದ.

ರೆಫ್ರಿ ಕೊನೆಯ ಸೀಟಿ ಊದಿದರು. ನಮ್ಮವರೆಲ್ಲ ಯೂಸುಫನನ್ನು ಎತ್ತಿಕೊಳ್ಳಲು ಓಡಿದರು. ನಾನು ಅಡಿಕೆ ಎರಡನ್ನೂ ಹುಲ್ಲಿನ ಮೇಲೆ ಹಾಕಿ ಟಾನ್ ಹತ್ತಿರ ಹೋದೆ. ನಾನು ಬಗ್ಗಿದ ಕೂಡಲೇ ಅವನು, ಇವನು ಕಾಲು ಹಿಡಿದು ಕೆಡವುತ್ತಾನೆಂದು ಹೆದರಿ ಹಿಂದಕ್ಕೆ ಹಾರಿದ. ಅಟ್ಟಿಸಿಕೊಂಡು ಹೋಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ತಾಗಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಹೋದೆ. ರೆಫ್ರಿಯ ಪಾದ ಮುಟ್ಟಿದಾಗ ಆ ದೊರೆ ಟೋಪಿ ತೆಗೆದು ಏನು ಮಾಡುವುದೆಂದು ತಿಳಿಯದೇ ನಿಂತರು. ಅಂಚಿನಲ್ಲಿ ಕೂತು ನೋಡುತ್ತಿದ್ದ ತಮಿಳು ಕೂಲಿಯವರಿಗೆ ಮಾತ್ರ ಎಲ್ಲ ಅರ್ಥವಾಗಿತ್ತು. ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೋಲಿಗೂ ಅವರು ಅಷ್ಟು ತಟ್ಟಿರಲಿಲ್ಲ. ನನಗೆ ಕಣ್ಣು ತುಂಬಿಬಂತು.

ನಾನು ಎಲ್ಲ ಮುಗಿಸಿ ಬರುವಷ್ಟರಲ್ಲಿ ಯೂಸುಫ ಟಾನ್‌ಗೆ ಇದೇನೆಂದು ತಿಳಿಸಿದ್ದ. ಟಾನ್ ನನ್ನ ದಾರಿಗೆ ಅಡ್ಡ ನಿಂತ. "ಇವತ್ತು ನನಗೆ ಅದೆಷ್ಟೋ ಸಲ ಒದ್ದಿದ್ದೀಯ. ಬಗ್ಗಿದ್ದು ಒಂದೇ ಸಲ," ಎಂದ. ನಾನು ಮತ್ತೆ ಬಗ್ಗಲು ಹೋದೆ. ಅವನು ನಗುತ್ತ ಭುಜ ಹಿಡಿದು ನಿಲ್ಲಿಸಿದ. ರೈಲಿನಲ್ಲಿ ಲಿಮ್ ಯಜಮಾನರು ಮತ್ತೆ ಕಿತ್ತಳೆ ಸುಲಿದು ಕೊಟ್ಟರು. "ಮುಂದಿನ ಸೀಸನ್ನಿಗೆ ಹೊಸ ಬೂಟು ಕೊಡಿಸಬೇಕು ನಿನಗೆ," ಎಂದರು. ಈ ಸಲ ಕಿತ್ತಳೆ ಸಿಹಿಯಾಗಿತ್ತು.

ಒಂದು ಸೀಸನ್ನಿಗೆಂದು ಹೋದವನು ಮತ್ತೊಂದನ್ನೂ ಆಡಿದೆ. ಅಡಿಕೆ ಹಿಡಿಯುವ ಅಗತ್ಯ ಬೇಗನೇ ತಪ್ಪಿತು. ಸೀಟಿ ಆಗುವವರೆಗೆ ಕೈ ತಾನಾಗಿ ಸುಮ್ಮನಿರುತ್ತಿತ್ತು, ಸೀಟಿ ಆದೊಡನೆ ತಾನಾಗಿ ಹೊರಡುತ್ತಿತ್ತು. ಪಂದ್ಯ ಮುಗಿದ ಮೇಲೂ ಜನ ಅದನ್ನು ನೋಡಲೆಂದು ನಿಲ್ಲುತ್ತಿದ್ದರು. ನಾನು ರಜಕ್ಕೆ ಊರಿಗೆ ಹೊರಟಾಗ ಟಾನ್ ಇಪೋದಿಂದ ಬಂದರಿನವರೆಗೆ ಬಂದಿದ್ದ. ನೂಕುನುಗ್ಗಲಿನಲ್ಲಿ ನನ್ನ ಕಾಲು ತುಳಿದ. ತುಳಿದವನು ಬಗ್ಗಿ, ನನ್ನ ಬೂಟು ಮುಟ್ಟಿ, ಕಣ್ಣಿಗೆ ಒತ್ತಿಕೊಂಡ.

ಮತ್ತೆ ಬಸ್ ಸ್ಟ್ಯಾಂಡು

ಶಿವಮೊಗ್ಗದಿಂದ ಬಂದ ಬಸ್ಸು ಶಿಕಾರಿಪುರದಲ್ಲಿ ನಿಂತಿತು. ಅಪ್ಪ, ಸೊರಬದ ಕಡೆಯ ನೆಂಟರು, ಹೊಸಬಾಳೆಯ ಮಾವ, ಎಲ್ಲರೂ ಬಂದಿದ್ದರು. ಅವ್ವ ಎಲ್ಲರನ್ನೂ ಸರಿಸಿಕೊಂಡು ಬಾಗಿಲಿಗೇ ಬಂದು ನಿಂತಿದ್ದಳು. ಹಿಂದಿನವರು ನೂಕಿದರು, ನಾನು ಇಳಿಯಲು ಹೋಗಿ ಮುಗ್ಗರಿಸಿದೆ. ನನ್ನ ಬೂಟುಗಾಲು ಅವ್ವನ ಬರಿಗಾಲ ಮೇಲೆ ಬಿತ್ತು.

"ಅಯ್ಯೋ ಶಿವನೇ!" ಎಂದಳು ಅವ್ವ.

ಕೈ ಹೋಗಲಿಲ್ಲ. ಪಕ್ಕದಲ್ಲಿ ಸುಮ್ಮನೆ ತೂಗಿಕೊಂಡಿತ್ತು. ಅವ್ವ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಚಿಕ್ಕಂದಿನಲ್ಲಿ ನಿಲ್ಲುತ್ತಿದ್ದಂತೆಯೇ ಕೈಕಟ್ಟಿ ನಿಂತಳು. ಮಾವ ನಕ್ಕ. "ಏನೋ ಬಸವರಾಜ, ಕೈ ಅಲ್ಲೇ ಬಿಟ್ಟು ಬಂದ್ಯೇನು?" ನನಗೆ ಬೆವರು ಬಂತು. ಬಗ್ಗು ಎಂದು ನನಗೆ ನಾನೇ ಹೇಳಿಕೊಂಡೆ. ಮೈ ಕೇಳಲಿಲ್ಲ. ಅಡಿಕೆಯಿಲ್ಲದ ಮುಷ್ಟಿ ಅಡಿಕೆ ಹಿಡಿದಂತೆ ಬಿಗಿಯಾಗಿತ್ತು. ಪೆನಾಂಗಿನಲ್ಲಿ ಗೆದ್ದ ಆಟಗಳೆಲ್ಲ ಆ ಗಳಿಗೆಯಲ್ಲಿ ನನಗೆ ಬೇಡವಾದವು.

ಅಷ್ಟರಲ್ಲಿ ಇಳಿಯುವವರು ಇಳಿದು, ಹತ್ತುವವರು ಹತ್ತಿಯಾಗಿತ್ತು. ಬಸ್ಸು ಹೊರಡಲಿ ಎಂದು ಕಂಡಕ್ಟರ್ ಉದ್ದವಾಗಿ ಸೀಟಿ ಊದಿದ.

ಮುಷ್ಟಿ ಬಿಚ್ಚಿತು. ನನ್ನನ್ನು ಕೇಳದೆಯೇ ಕೈ ಕೆಳಗೆ ಹೋಯಿತು. ನಾನು ತುಳಿದಿದ್ದ ಅವ್ವನ ಕಾಲನ್ನು ಮುಟ್ಟಿ ನನ್ನ ಕಣ್ಣಿಗೆ ಬಂತು.

ಅವ್ವ ಕಟ್ಟಿದ ಕೈ ಬಿಚ್ಚಿ, ಬಗ್ಗಿದ್ದ ನನ್ನ ತಲೆಯ ಮೇಲೆ ಇಟ್ಟಳು.

"ತಡ ಆತು," ಎಂದಳು. "ಬಂತಲ್ಲ, ಬಿಡು."